ಹಗೇವಿಗೆ ಇಳಿಯುವ ಮುನ್ನ ಗಾಳಿ ಅಳೆಯಿರಿ

ಯಾದಗಿರಿ, ಶಹಾಪುರ, ಸುರಪುರದ ಜೋಳದ ಸೀಮೆಗೆ ಹಗೇವು ಹೊಸತಲ್ಲ. ನೆಲದೊಳಗಿನ ಈ ಕಣಜದ ಬಾಯಿ ಮುಚ್ಚಿ ಮಣ್ಣು ಮೆತ್ತಿದ ಮೇಲೂ ಕಾಳು ಸುಮ್ಮನಿರುವುದಿಲ್ಲ, ಉಸಿರಾಡುತ್ತಲೇ ಇರುತ್ತದೆ. ಕಾಳು, ಹುಳು, ಬೂಷ್ಟು ಎಲ್ಲ ಸೇರಿ ಆಮ್ಲಜನಕ ಮುಗಿಸಿ ಇಂಗಾಲದ ಡೈಆಕ್ಸೈಡ್ ತುಂಬುತ್ತವೆ. ಉಸಿರಿಲ್ಲದೆ ಹುಳು ಸಾಯುತ್ತದೆ, ಜೋಳ ಉಳಿಯುತ್ತದೆ. ಔಷಧಿಯ ಹಂಗಿಲ್ಲದೆ ಕಾಳು ಕಾಯುವ ಎಂಥ ಸೊಗಸಾದ ಉಪಾಯ! ಆದರೆ ಹುಳುವನ್ನು ಕೊಂದ ಗಾಳಿಯೇ ಕಾಳು ತೆಗೆಯಲು ಇಳಿದವನನ್ನೂ ಕೊಲ್ಲಬಲ್ಲದು. ಇಳಿದವನು ಕುಸಿದು, ಎತ್ತಲು ಹೋದವನೂ ಕುಸಿದರೆ 'ಒಳಗ ದೆವ್ವ ಐತಿ' ಎಂಬ ಮಾತು ಹುಟ್ಟುತ್ತದೆ. ಈ ಮಾತನ್ನು ಖಂಡಿಸಲೇಬೇಕು, ಏಕೆಂದರೆ ಕಾಯಿ ಒಡೆದರೆ ಸಾಕೆಂಬ ಸುಳ್ಳು ಧೈರ್ಯವನ್ನು ಅದು ಕೊಡುತ್ತದೆ. ಕೊಲ್ಲುವುದು ಗಾಳಿಗಿಂತ ಒಂದೂವರೆ ಪಟ್ಟು ಭಾರವಾಗಿ ತಳದಲ್ಲಿ ತಂಗುವ ಅನಿಲ.

ಹಿರಿಯರು ಕಂದೀಲು ಇಳಿಬಿಟ್ಟು ನೋಡುತ್ತಿದ್ದರಲ್ಲ, ಅಷ್ಟು ಸಾಲದೇ ಎಂದು ಕೇಳಬಹುದು. ಆ ಪರೀಕ್ಷೆಯಲ್ಲಿ ನಿಜವಾದ ವಿಜ್ಞಾನವಿದೆ. ಗಾಳಿಯಲ್ಲಿ ಶೇ. 21ರಷ್ಟಿರುವ ಆಮ್ಲಜನಕ ಸುಮಾರು 16ಕ್ಕೆ ಇಳಿದರೆ ದೀಪ ಆರುತ್ತದೆ, ಮನುಷ್ಯ ಎಚ್ಚರ ತಪ್ಪುವುದು ಅದಕ್ಕೂ ಕೆಳಗೆ. ಆದರೆ ದೀಪ ಉರಿಯುತ್ತಿರುವಾಗಲೇ ತಲೆನೋವು, ಏದುಸಿರು ತರುವಷ್ಟು ಇಂಗಾಲದ ಡೈಆಕ್ಸೈಡ್ ಸೇರಿರಬಹುದು. ಬಾವಿ, ಗುಂಡಿಗಳಲ್ಲೂ ದೀಪ ಸಾಲದು: ಡೀಸೆಲ್ ಪಂಪ್ ಓಡಿದ ಬಾವಿಯ ಕಾರ್ಬನ್ ಮೊನಾಕ್ಸೈಡ್ ದೀಪಕ್ಕೆ ತಿಳಿಯುವುದೇ ಇಲ್ಲ. ಒಳಚರಂಡಿಯ ಗುಂಡಿಯಲ್ಲಿ ಮೀಥೇನ್ ಇದ್ದರಂತೂ ದೀಪವೇ ಬೆಂಕಿ ಹಚ್ಚಬಹುದು. ಮೂಗನ್ನೂ ನಂಬುವಂತಿಲ್ಲ: ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ವಾಸನೆ ಹಿಡಿಯುವ ಶಕ್ತಿಯನ್ನೇ ಕೊಂದುಬಿಡುತ್ತದೆ.

ದೀಪ, ಮೂಗು ಬಿಟ್ಟು ಅಳತೆಯನ್ನೇ ನಂಬಬೇಕಾದರೆ, ಸಿಲಿಂಡರಿನ ಗಾಳಿ ಉಸಿರಾಡುತ್ತ ನೀರಿಗಿಳಿಯುವ ಸ್ಕೂಬಾ ಮುಳುಗುಗಾರರ ರೂಢಿ ನಮಗೆ ಬೇಕು. ಆಮ್ಲಜನಕ ಹೆಚ್ಚಿಸಿದ ನೈಟ್ರಾಕ್ಸ್ ಸಿಲಿಂಡರನ್ನು ಅಂಗಡಿಯವರು ತುಂಬಿಕೊಟ್ಟರೂ ಮುಳುಗುವವನು ತಾನೇ ಅಳೆದು, ಶೇಕಡಾವಾರು ಪ್ರಮಾಣವನ್ನೂ ಇಳಿಯಬಹುದಾದ ಆಳವನ್ನೂ ಪಟ್ಟಿಯ ಮೇಲೆ ಬರೆದು ಅಂಟಿಸುತ್ತಾನೆ. ಶೇ. 32 ಇದ್ದರೆ ಸುಮಾರು 33 ಮೀಟರ್, 40 ಇದ್ದರೆ 25 ಮೀಟರ್. ಆ ಆಳ ಮೀರಿದರೆ ಹೆಚ್ಚಾದ ಆಮ್ಲಜನಕದಿಂದ ನೀರಿನಡಿಯಲ್ಲೇ ಫಿಟ್ಸ್ ಬರಬಹುದು. ಅಳೆಯುವ ಸಾಧನವೇ ಒಂದು ಬೆರಗು. ಅದರೊಳಗೆ ಸೀಸದ ಪುಟ್ಟ ವಿದ್ಯುತ್ ಕೋಶವಿದೆ, ಅದಕ್ಕೆ ಆಮ್ಲಜನಕವೇ ಆಹಾರ. ಎಷ್ಟು ಆಮ್ಲಜನಕ ಒಳಸೇರಿತೋ ಅಷ್ಟು ವಿದ್ಯುತ್! ಬಯಲು ಗಾಳಿಯಲ್ಲಿ 20.9 ತೋರಿಸುವಂತೆ ಮೊದಲು ಹೊಂದಿಸಿಕೊಳ್ಳಬೇಕು. ಬಳಸದೆ ಇಟ್ಟರೂ ಸೀಸ ಸವೆಯುತ್ತದೆ. ಕೆಲವು ವರ್ಷಕ್ಕೊಮ್ಮೆ ಕೋಶ ಬದಲಿಸದಿದ್ದರೆ ಬೀರುವಿನ ಮೀಟರು ಕೆಲಸಕ್ಕೆ ಬಾರದು. ಗುಂಡಿಗಳಲ್ಲಿ ಆಮ್ಲಜನಕದ ಜೊತೆಗೆ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಮೀಥೇನಿನಂಥ ಉರಿಯುವ ಅನಿಲ ಅಳೆಯುವ ನಾಲ್ಕು ಅನಿಲಗಳ ಹಲವು ಮೀಟರುಗಳಲ್ಲೂ ಇದೇ ಬಗೆಯ ಕೋಶ ಇರುತ್ತದೆ.

ಪ್ರತಿ ರೈತನೂ ಇದನ್ನು ಕೊಳ್ಳಲಾರ, ನಿಜ. ಆದರೆ ಒಂದು ಪಂಚಾಯಿತಿಗೆ ಒಂದು ಮೀಟರು ದೊಡ್ಡ ಮಾತಲ್ಲ. ಅದನ್ನು ಹಗ್ಗಕ್ಕೆ ಕಟ್ಟಿ ತಳದವರೆಗೂ ಇಳಿಸಿ, ಇಳಿಯುವವನೇ ಅಂಕಿ ಓದಲಿ. ಅಂಕಿ ಸರಿಯಿಲ್ಲದಿದ್ದರೆ ಯಾರೂ ಇಳಿಯಕೂಡದು, ಒಳಗೆ ಬಿದ್ದವನನ್ನು ಎತ್ತಲು ಕೂಡ ಉಸಿರಾಟದ ಸಾಧನವಿಲ್ಲದೆ ಇಳಿಯಬೇಡಿ. ಅಗ್ನಿಶಾಮಕ ದಳಕ್ಕೆ ಕರೆ ಮಾಡಿ.