ಪೈಲಟ್‌ಗೆ ಹೆಡ್‌ಸೆಟ್ ಇದೆ, ನಾಯಿಗೆ?

ನಿಮ್ಮಲ್ಲಿ ಬಹಳಷ್ಟು ಜನ ಇದನ್ನು ಇಯರ್‌ಫೋನ್ ಹಾಕ್ಕೊಂಡೇ ಕೇಳ್ತಾ ಇರ್ತೀರಿ. ಇವತ್ತಿನ ವಿಷಯವೂ ಕಿವಿಯದ್ದೇ. ಆದರೆ ನಮ್ಮ ಕಿವಿ ಅಲ್ಲ, ಸಣ್ಣ ವಿಮಾನದಲ್ಲಿ ಕೂತ ನಾಯಿಯ ಕಿವಿ.

ನಾಯಿಗೇನು ಕೆಲಸ ಅಲ್ಲಿ ಅಂತೀರಾ? ಅಮೆರಿಕದಲ್ಲಿ ಇದು ಅಪರೂಪವೇನಲ್ಲ. ಸೆಸ್ನಾ 172 ತರಹದ ನಾಲ್ಕು ಸೀಟಿನ ವಿಮಾನ ಹಾರಿಸುವ ಹವ್ಯಾಸಿಗಳು ಅಲ್ಲಿ ತುಂಬಾ ಜನ. ವಾರಾಂತ್ಯಕ್ಕೆ ಹೊರಟರೆ ಮನೆಯ ನಾಯಿಯೂ ಜೊತೆಗೆ. ಇನ್ನು, 2008ರಲ್ಲಿ ಶುರುವಾದ ಪೈಲಟ್ಸ್ ಎನ್ ಪಾಸ್ ಎಂಬ ಸಂಸ್ಥೆ ಇದೆ. ಜಾಗವಿಲ್ಲದೆ ನಾಯಿಗಳನ್ನು ಸಾಯಿಸಬೇಕಾದ ಸ್ಥಿತಿಗೆ ಬಂದ ಆಶ್ರಯತಾಣಗಳಿಂದ, ಅವನ್ನು ಸಾಕಲು ಸಿದ್ಧರಿರುವವರ ಊರಿಗೆ ಸ್ವಯಂಸೇವಕ ಪೈಲಟ್‌ಗಳು ವಿಮಾನದಲ್ಲಿ ಮುಟ್ಟಿಸುತ್ತಾರೆ. ಜೀವ ಉಳಿಸುವ ಪ್ರಯಾಣ ಅದು. ಕಿವಿಯೂ ಉಳಿಯಬೇಕಲ್ವಾ?

ಮೊದಲು ಸದ್ದಿನ ಲೆಕ್ಕ ನೋಡೋಣ. ದೊಡ್ಡ ಜೆಟ್‌ನಲ್ಲಿ ಎಂಜಿನ್ ರೆಕ್ಕೆಯ ಕೆಳಗೆ ಎಲ್ಲೋ ಇರುತ್ತೆ. ಸೆಸ್ನಾದಲ್ಲಿ ಅದು ನಿಮ್ಮ ಮೊಣಕಾಲಿನ ಮುಂದೆಯೇ, ನಡುವೆ ಒಂದು ತೆಳು ಗೋಡೆ. ಇಂಥ ಕ್ಯಾಬಿನ್‌ನಲ್ಲಿ ಸದ್ದು 90 ಡೆಸಿಬೆಲ್ ದಾಟುವುದು ಮಾಮೂಲು. ಅಮೆರಿಕದಲ್ಲಿ ಕಾರ್ಮಿಕರ ಆರೋಗ್ಯ ನೋಡಿಕೊಳ್ಳುವ ನಿಯೋಶ್ ಸಂಸ್ಥೆಯ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಮುಂದೆ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕೆ ಇಳಿಯುತ್ತೆ. ಅಂದ್ರೆ 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಬರೀ 1 ಗಂಟೆ.

ಇದು ಮನುಷ್ಯರಿಗೆ ಹಾಕಿದ ಲೆಕ್ಕ, ನಿಜ. ಆದರೆ ನಾಯಿಯ ಒಳಕಿವಿಯಲ್ಲೂ ನಮ್ಮ ಹಾಗೇ ಸೂಕ್ಷ್ಮ ರೋಮಕೋಶಗಳಿವೆ. ಸದ್ದಿನ ಪೆಟ್ಟಿಗೆ ಅವು ಸತ್ತರೆ ಮತ್ತೆ ಹುಟ್ಟಲ್ಲ. ಮೇಲಾಗಿ ನಮಗೆ ಕೇಳಿಸುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ, ನಾಯಿಗೆ ಸುಮಾರು 45,000ದವರೆಗೆ. ನಮಗೆ ಗೊತ್ತೇ ಆಗದ ಕೀರಲು ಸದ್ದು ಅದಕ್ಕೆ ಕೇಳಿಸುತ್ತಿರುತ್ತೆ.

ಇಲ್ಲೊಂದು ಎಡವಟ್ಟಿದೆ ನೋಡಿ. ಪೈಲಟ್ ತಲೆ ಮೇಲೆ ಒಳ್ಳೇ ಹೆಡ್‌ಸೆಟ್ ಇರುತ್ತೆ. ಹಾಗಾಗಿ ಕ್ಯಾಬಿನ್ ಎಷ್ಟು ಗದ್ದಲವಾಗಿದೆ ಅನ್ನೋದು ಅವರ ಅನುಭವಕ್ಕೇ ಬರಲ್ಲ. ಹಿಂದಿನ ಸೀಟಿನಲ್ಲಿ ನಾಯಿ ಮಲಗಿದ್ದರೆ, ‘ಪಾಪ, ಆರಾಮಾಗಿದೆ’ ಅಂದ್ಕೋತಾರೆ. ನಾಯಿ ನಿದ್ದೆ ಮಾಡಿತು ಅಂದ ಮಾತ್ರಕ್ಕೆ ಕಿವಿಗೆ ಪೆಟ್ಟು ಬೀಳ್ತಿಲ್ಲ ಅಂತ ಅಲ್ಲ. ಒಂದೇ ಸಲ ಹಾರುವ ನಾಯಿಗಿಂತ ಪ್ರತಿ ಶನಿವಾರ ಹಾರುವ ಪೈಲಟ್‌ನ ಸ್ವಂತ ನಾಯಿಗೇ ಅಪಾಯ ಜಾಸ್ತಿ, ಯಾಕಂದ್ರೆ ಹಾನಿ ಕೂಡುತ್ತಾ ಹೋಗುತ್ತೆ.

ಹಾಗಾದರೆ ನಮ್ಮ ಫೋಮ್ ಇಯರ್‌ಪ್ಲಗ್ ತುರುಕಿದರೆ ಆಯ್ತಲ್ಲ? ಬೇಡ. ನಾಯಿಯ ಕಿವಿನಾಳ ನೇರ ಇಲ್ಲ. ಮೊದಲು ಕೆಳಗಿಳಿದು, ಆಮೇಲೆ ಒಳಕ್ಕೆ ತಿರುಗುತ್ತೆ, ಇಂಗ್ಲಿಷ್‌ನ ಎಲ್ ಅಕ್ಷರದ ಹಾಗೆ. ಪ್ಲಗ್ ನಿಲ್ಲಲ್ಲ. ತಲೆ ಕೊಡವಿದರೆ ಹೊರಗೆ ಬಿದ್ದು ನಾಯಿಯ ಬಾಯಿಗೆ ಹೋಗಬಹುದು, ಇಲ್ಲವೇ ಒಳಗೆ ಸಿಕ್ಕಿಕೊಳ್ಳಬಹುದು.

ಸರಿಯಾದ ದಾರಿ ಅಂದ್ರೆ ನಾಯಿಗೆಂದೇ ಮಾಡಿದ ಇಯರ್‌ಮಫ್. ಮಟ್ ಮಫ್ಸ್ ಅಂತ ಒಂದು ಬ್ರ್ಯಾಂಡ್ ಪೈಲಟ್‌ಗಳ ನಡುವೆ ಹೆಸರುವಾಸಿ. ಎರಡು ಬಟ್ಟಲು, ತಲೆ ಮೇಲೊಂದು ಪಟ್ಟಿ, ಗದ್ದದ ಕೆಳಗೊಂದು ಪಟ್ಟಿ, ಅಷ್ಟೇ. ಸೈಜ್ ಸರಿಯಾಗಿರಬೇಕು. ಬಟ್ಟಲಿನ ಅಂಚು ತಲೆಗೆ ಕೂತ್ಕೊಂಡರೆ ಮಾತ್ರ ಉಪಯೋಗ, ಸಂದಿ ಬಿಟ್ಟರೆ ಸದ್ದು ನುಗ್ಗುತ್ತೆ. ಹಾಗಂತ ಬಿಗಿಯೂ ಬೇಡ. ಗದ್ದದ ಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು, ನಾಯಿ ಬಾಯ್ತೆರೆದು ತೇಕೋಕೆ ಆಗಬೇಕು.

ಇದು ಪವಾಡವೇನೂ ಮಾಡಲ್ಲ. ಎಂಜಿನ್ ನಿಮಿಷಕ್ಕೆ 2,400 ಸುತ್ತು ತಿರುಗ್ತಿದ್ದರೆ ಎರಡು ಎಲೆಯ ಪ್ರೊಪೆಲ್ಲರ್ ಸೆಕೆಂಡಿಗೆ 80 ಸಲ ಗಾಳಿ ಬಡಿಯುತ್ತೆ. ಆ ‘ಗುಂಯ್’ ಅನ್ನುವ ತಗ್ಗು ದನಿಯನ್ನು ಫೋಮ್ ಅಷ್ಟಾಗಿ ತಡೆಯಲ್ಲ. ಕೀರಲು ಸದ್ದನ್ನು ಚೆನ್ನಾಗಿ ತಡೆಯುತ್ತೆ. ನಾಯಿಯ ಕಿವಿಗೆ ಅದೇ ಮುಖ್ಯ.

ಮುಖ್ಯವಾದ ಮಾತು: ಹಾರುವ ದಿನ ಮೊದಲ ಸಲ ಮಫ್ ತೊಡಿಸಬೇಡಿ. ಎರಡು ಮೂರು ವಾರ ಮುಂಚೆ ಮನೆಯಲ್ಲೇ ಶುರು ಮಾಡಿ. ಮೊದಲು ಮೂಸಲಿ, ಒಂದು ತಿಂಡಿ ಕೊಡಿ. ಆಮೇಲೆ ಐದು ಸೆಕೆಂಡ್ ಹಾಕಿ ತೆಗೆಯಿರಿ, ಮತ್ತೊಂದು ತಿಂಡಿ. ಹೀಗೇ ನಿಮಿಷಗಟ್ಟಲೆ ಏರಿಸಿ. ವಿಮಾನದ ಹತ್ತಿರ ಹೋದ ಮೇಲೆ, ಎಂಜಿನ್ ಶುರುವಾಗುವ ಮೊದಲೇ ಮಫ್ ಹಾಕಿರಬೇಕು. ಪ್ರೊಪೆಲ್ಲರ್ ಪೂರ್ತಿ ನಿಂತ ಮೇಲೆಯೇ ತೆಗೆಯಬೇಕು. ಅಲ್ಲಿಯವರೆಗೆ ನಾಯಿ ಕೆಳಗಿಳಿಯಲೇ ಬಾರದು.

ಇನ್ನೊಂದು ಗೊಂದಲ ಬಿಡಿಸ್ತೀನಿ. ಸದ್ದು ಬೇರೆ, ಗಾಳಿಯ ಒತ್ತಡ ಬೇರೆ. ಇಳಿಯುವಾಗ ನಮಗೆ ಕಿವಿ ಗಪ್ ಅನ್ನುತ್ತಲ್ಲ, ನಾಯಿಗೂ ಹಾಗಾಗುತ್ತೆ. ಇದಕ್ಕೆ ಮಫ್ ಮದ್ದಲ್ಲ. ನಮ್ಮ ಹಾಗೆ ಮೂಗು ಹಿಡಿದು ಊದೋಕೆ ಅದಕ್ಕೆ ಬರಲ್ಲ. ನುಂಗಿದರೆ ಒತ್ತಡ ಸರಿಹೋಗುತ್ತೆ, ಆದ್ದರಿಂದ ಇಳಿಯುವಾಗ ಚೂರು ಚೂರು ತಿಂಡಿ ಕೊಡಿ. ಪೈಲಟ್ ನಿಮಿಷಕ್ಕೆ 500 ಅಡಿಗಿಂತ ಜೋರಾಗಿ ಇಳಿಸದಿದ್ದರೆ ಒಳ್ಳೇದು. ಕಿವಿಯಲ್ಲಿ ಸೋಂಕು ಇರುವ ನಾಯಿಯನ್ನು ಪಶುವೈದ್ಯರಿಗೆ ತೋರಿಸದೆ ಹತ್ತಿಸಬೇಡಿ. ನಿದ್ದೆ ಮಾತ್ರೆಯನ್ನಂತೂ ನೀವಾಗಿಯೇ ಕೊಡಲೇಬೇಡಿ.

ಕಿವಿ ಮಂದವಾಗಿದೆ ಅಂತ ತಿಳಿಯೋದು ಹೇಗೆ? ಮಲಗಿದ್ದಾಗ ಹೆಸರು ಕರೆದರೆ ಏಳದಿರುವುದು, ಬೆನ್ನ ಹಿಂದಿನಿಂದ ಮುಟ್ಟಿದರೆ ಬೆಚ್ಚುವುದು. ಇವು ಸೂಚನೆಗಳು. ಖಚಿತ ಮಾಡಿಕೊಳ್ಳೋಕೆ ಬೇರ್ ಎಂಬ ಪರೀಕ್ಷೆ ಇದೆ. ಸದ್ದಿಗೆ ಮಿದುಳು ಕೊಡುವ ವಿದ್ಯುತ್ ಸಂಕೇತವನ್ನು ಅದರಲ್ಲಿ ಅಳೆಯುತ್ತಾರೆ.

ನಮ್ಮಲ್ಲಿ ನಾಯಿಯನ್ನು ಸಣ್ಣ ವಿಮಾನದಲ್ಲಿ ಕೂರಿಸುವವರು ಕಡಿಮೆ. ಆದರೆ ದೀಪಾವಳಿ ಪಟಾಕಿ ಎಲ್ಲರ ಬೀದಿಯಲ್ಲೂ ಇದೆ. ನಿಮ್ಮ ನಾಯಿಗೆ ಮಫ್ ಹಾಕೋ ಯೋಚನೆ ಇದ್ದರೆ ಅಭ್ಯಾಸ ಇದೇ ಕ್ರಮದಲ್ಲಿ ಮಾಡಿಸಿ. ಹಬ್ಬದ ಸಂಜೆ ಅಲ್ಲ, ವಾರಗಳ ಮುಂಚೆ. ಕಿವಿ ನೋಯ್ತಿದೆ ಅಂತ ಅದು ಬಾಯಿ ಬಿಟ್ಟು ಹೇಳಲ್ಲ, ನಾವೇ ಮೊದಲು ಯೋಚಿಸಬೇಕು. ಮತ್ತೆ ಸಿಗೋಣ.