ಕಂಬಿ ನಮ್ಮದು, ಬಂಡಿ ಯಾರದು?

ಮೈಸೂರಿನಿಂದ ಹೊಳೆನರಸೀಪುರ, ಹಾಸನಗಳ ಮಾರ್ಗವಾಗಿ ಅರಸೀಕೆರೆಗೆ ಹೋಗುವ ರೈಲುದಾರಿಯನ್ನು ಮೈಸೂರು ಸಂಸ್ಥಾನದವರು ತಮ್ಮ ಬೊಕ್ಕಸದಿಂದಲೇ ಹಾಕಿಸಿ 1918ರ ಹೊತ್ತಿಗೆ ತೆರೆದರು. ನೆಲ ನಮ್ಮದು, ಹಣ ನಮ್ಮದು; ಎಂಜಿನು ಮಾತ್ರ ಹಡಗಿನಲ್ಲಿ ಬಂದಿತು. ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ನೇರ ದಾರಿ ಪೂರ್ಣವಾದುದು 2017ರಲ್ಲಿ. ಅರಕಲಗೂಡು ಇಂದಿಗೂ ಕಾದಿದೆ. ದಾರಿಗಾಗಿ ಮನವಿ ಸಲ್ಲಿಸುವ ನಾವು, ಅದರ ಮೇಲೆ ಓಡುವ ಬಂಡಿಯನ್ನು ಮಾಡುವವರಾರೆಂದು ಕೇಳುವುದು ಅಪರೂಪ.

ಭಾರತೀಯರಿಗೆ ಎಂಜಿನು ಮಾಡುವ ಕೌಶಲವಿರಲಿಲ್ಲವೆಂಬುದು ಸುಳ್ಳು. ಅಜಮೀರದ ಕಾರ್ಖಾನೆಯು 1895ರಲ್ಲಿಯೇ ಎಂಜಿನನ್ನು ನಿರ್ಮಿಸಿತು. ಜಮಾಲಪುರವು 1899ರಿಂದ 1923ರ ವರೆಗೆ ಇನ್ನೂರಕ್ಕೂ ಹೆಚ್ಚು ಎಂಜಿನುಗಳನ್ನು ಕಟ್ಟಿತು. ಬಳಿಕ ಆ ಕೆಲಸ ನಿಂತಿತು. ಎಂಜಿನುಗಳಿಗೆ ಭಾರತದಲ್ಲಿಯೇ ಟೆಂಡರು ಕರೆಯುವೆವೆಂದು 1921ರಲ್ಲಿ ಸರ್ಕಾರದವರು ಸಾರಿದರು. ಆ ಮಾತನ್ನು ನಂಬಿ ಜಮ್‌ಷೆಡ್‌ಪುರದ ಬಳಿ ಪೆನಿನ್ಸುಲರ್ ಲೋಕೋಮೋಟಿವ್ ಕಂಪನಿಯು ಹುಟ್ಟಿತು. ಸಾಕಷ್ಟು ಆರ್ಡರೂ ಬರಲಿಲ್ಲ, ಸುಂಕದ ರಕ್ಷಣೆಯೂ ದೊರೆಯಲಿಲ್ಲ. ದಶಕ ಮುಗಿಯುವ ಮೊದಲೇ ಕಂಪನಿಯು ಮುಚ್ಚಿತು. ಆದರೆ ಅದೇ ಸ್ಥಳದಲ್ಲಿ, 1945ರಲ್ಲಿ ಸ್ಥಾಪಿತವಾದ ಟಾಟಾ ಕಂಪನಿಯು ಸರ್ಕಾರದೊಡನೆ ಕರಾರು ಮಾಡಿಕೊಂಡು 1970ರ ವರೆಗೆ ಮೀಟರ್ ಗೇಜ್ ಎಂಜಿನುಗಳನ್ನು ತಯಾರಿಸಿತು. ಸ್ಥಳ ಅದೇ, ಬದಲಾದುದು ಕೊಳ್ಳುವವರ ಮನಸ್ಸು.

ಚಿತ್ತರಂಜನದಲ್ಲಿ 1950ರಿಂದ ಎಂಜಿನುಗಳು ಹೊರಬರುತ್ತಿವೆಯಲ್ಲ, ಇನ್ನೇಕೆ ಚಿಂತೆಯೆಂದು ವಾಚಕರು ಕೇಳಬಹುದು. ಆ ಕಾರ್ಖಾನೆ ನಮ್ಮ ಹೆಮ್ಮೆ. ಆದರೆ 2015ರಲ್ಲಿ ಬಿಹಾರದ ಮಾಧೇಪುರದಲ್ಲಿ 800 ವಿದ್ಯುತ್ ಎಂಜಿನುಗಳನ್ನು ತಯಾರಿಸುವ ಕರಾರು ಫ್ರಾನ್ಸಿನ ಆಲ್‌ಸ್ಟೊಮ್ ಕಂಪನಿಯ ಪಾಲಾಯಿತು. ಕೆಲಸಗಾರರಿಗೆ ಕೂಲಿ ದೊರೆತುದು ಸಂತೋಷವೇ. ಆದರೆ ನಕ್ಷೆಯ ವಿದ್ಯೆ ನಮ್ಮದಾಗದಿದ್ದರೆ ನಾವು ಇನ್ನೊಬ್ಬರ ಅಡಿಗೆಮನೆಯಲ್ಲಿ ಸೌದೆ ಒಡೆದಂತೆಯೇ ಸರಿ.

ನಮ್ಮ ನಾಡಿನ ಮಾತಿಗೆ ಬರೋಣ. ಬೆಂಗಳೂರಿನ ವಿಮಾನ ಕಾರ್ಖಾನೆಯವರು ಆರಂಭಿಸಿದ ರೈಲುಗಾಡಿಯ ಕೆಲಸವನ್ನು 1964ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯು ವಹಿಸಿಕೊಂಡಿತು, ಇಂದು ಮೆಟ್ರೋ ಗಾಡಿಗಳನ್ನೂ ಕಟ್ಟುತ್ತಿದೆ. ಈ ಸಂಸ್ಥೆಯ ಶೇಕಡ 26 ಪಾಲನ್ನು ಆಡಳಿತಸಹಿತ ಮಾರುವುದಕ್ಕಾಗಿ ಕೇಂದ್ರ ಸರ್ಕಾರದವರು 2021ರ ಜನವರಿಯಲ್ಲಿ ಆಸಕ್ತರನ್ನು ಆಹ್ವಾನಿಸಿದರು. ಪೀಳಿಗೆಗಳ ಕೈಕಸಬನ್ನು ತಕ್ಕಡಿಯಲ್ಲಿಟ್ಟು ತೂಗುವುದು ವಿವೇಕವಲ್ಲವೆಂದು ನಮ್ಮ ಅಭಿಪ್ರಾಯ.

ರೈಲ್ವೆಗೆ ಬೇಕಾದ ಬಂಡಿಗಳನ್ನು ಕೊಳ್ಳುವವರು ಮುಖ್ಯವಾಗಿ ಸರ್ಕಾರದವರೇ. ಆದುದರಿಂದ ಈ ಕೈಗಾರಿಕೆಯ ಅಳಿವು ಉಳಿವುಗಳ ಹೊಣೆಯೂ ಅವರದೇ. ಹಲವು ವರ್ಷಗಳ ಆರ್ಡರುಗಳನ್ನು ಮುಂಚಿತವಾಗಿ ಗೊತ್ತುಮಾಡಲಿ. ಪರದೇಶದವರೊಡನೆ ಕರಾರಾದಲ್ಲಿ ವಿದ್ಯೆಯನ್ನೂ ಬೇಡಲಿ. ಅರಕಲಗೂಡಿಗೆ ರೈಲು ಬರುವ ದಿನ, ನಮ್ಮ ಮಕ್ಕಳು ಕಟ್ಟಿದ ಬಂಡಿಯೇ ಬರಲೆಂದು ಹಾರೈಸುತ್ತೇವೆ.