ಮಳೆಗೆ ಕಾಯದೆ ಚಿಗುರುವ ಮರ

ಜಾಂಬಿಯಾದಲ್ಲಿ ಸೆಪ್ಟೆಂಬರ್ ಎಂದರೆ ಬಿರುಬಿಸಿಲು. ಮಳೆ ನಿಂತು ತಿಂಗಳುಗಳೇ ಆಗಿರುತ್ತವೆ, ಕಾಳ್ಗಿಚ್ಚಿಗೆ ಹುಲ್ಲು ಕರಕಲಾಗಿರುತ್ತದೆ, ಮುಂದಿನ ಮಳೆ ನವೆಂಬರಿಗೇ. ಅಂಥ ಹೊತ್ತಿನಲ್ಲಿ ಬ್ರಾಕಿಸ್ಟೀಜಿಯಾ ಮರಗಳು ಚಿಗುರುತ್ತವೆ. ಚಿಗುರಿನ ಬಣ್ಣ ತಾಮ್ರ, ಕುಂಕುಮ, ಕಡುಗೆಂಪು. ಬಲಿತ ಮೇಲೆಯೇ ಹಸಿರು. ಆಳಕ್ಕಿಳಿದ ಬೇರು, ಕಾಂಡದಲ್ಲಿ ಕೂಡಿಟ್ಟ ನೀರು ಈ ಧೈರ್ಯಕ್ಕೆ ಆಸರೆ.

ಸುಮಾರು 30 ಪ್ರಭೇದಗಳ ಈ ಕುಲ ನಮ್ಮ ಹುಣಸೆ, ಅಶೋಕಗಳಿಗೆ ದೂರದ ನೆಂಟ. ತಾಂಜಾನಿಯಾದಿಂದ ಅಂಗೋಲಾವರೆಗೆ ಹಬ್ಬಿರುವ ಮಿಯೊಂಬೊ ಕಾಡಿನ ಮುಖ್ಯ ಮರಗಳು ಇವೇ. ಅಲ್ಲಿನ ಮಣ್ಣು ಬಡವು. ದ್ವಿದಳ ಸಸ್ಯಗಳ ಕುಟುಂಬಕ್ಕೆ ಸೇರಿದ್ದರೂ ಇವುಗಳ ಬೇರಲ್ಲಿ ಸಾರಜನಕ ಹಿಡಿಯುವ ಗಂಟುಗಳಿಲ್ಲ. ಬೇರ ತುದಿಗೆ ಸುತ್ತಿಕೊಂಡ ಶಿಲೀಂಧ್ರಗಳೇ ಮಣ್ಣಿನ ಸಾರವನ್ನು ಹೀರಿ ಕೊಡುತ್ತವೆ. ಮಳೆ ಹಿಡಿದೊಡನೆ ಅವು ಅಣಬೆಗಳಾಗಿ ಮೇಲೇಳುತ್ತವೆ. ಹೆಂಗಸರು ಆರಿಸಿ ತಂದು ರಸ್ತೆಬದಿಯಲ್ಲಿ ಮಾರುತ್ತಾರೆ. ಎಲೆ ಮೇಯುವ ದಪ್ಪ ಕಂಬಳಿಹುಳುಗಳೂ ಊಟಕ್ಕೆ ಬರುತ್ತವೆ: ಹಿಂಡಿ ಕರುಳು ತೆಗೆದು, ಬೇಯಿಸಿ, ಬಿಸಿಲಿಗೆ ಒಣಗಿಸಿಟ್ಟರೆ ಬಹುಕಾಲ ಕೆಡುವುದಿಲ್ಲ.

ನನ್ನನ್ನು ಹೆಚ್ಚು ಸೆಳೆದದ್ದು ಜಾಂಬಿಯಾದ ಬೆಂಬಾ ಜನರ ಚಿಟೆಮೆನೆ ಬೇಸಾಯ. ಗಂಡಸರು ಕೊಡಲಿ ಹಿಡಿದು ಮರವೇರಿ ಕೊಂಬೆಗಳನ್ನಷ್ಟೇ ಸವರುತ್ತಾರೆ, ಬುಡ ಕಡಿಯುವುದಿಲ್ಲ. ಹೆಂಗಸರು ಒಣಗಿದ ಸೌದೆಯನ್ನು ಹೊತ್ತು ತಂದು ನಡುವೆ ಒಟ್ಟುತ್ತಾರೆ. ಮಳೆಯ ಹೊಸ್ತಿಲಲ್ಲಿ ಬೆಂಕಿಯಿಟ್ಟು, ಆ ಬೂದಿಯಲ್ಲಿ ಬಿತ್ತುವುದು ರಾಗಿ! ನಮ್ಮ ಮುದ್ದೆಯ ಅದೇ ರಾಗಿ. ಅದರ ತವರೂ ಆಫ್ರಿಕಾವೇ. ಬ್ರಿಟಿಷ್ ಮಾನವಶಾಸ್ತ್ರಜ್ಞೆ ಆಡ್ರಿ ರಿಚರ್ಡ್ಸ್ 1939ರ ಪುಸ್ತಕದಲ್ಲಿ ಈ ಬದುಕನ್ನು ವಿವರವಾಗಿ ದಾಖಲಿಸಿದರು. ನೆಲವನ್ನು ಸಾಕಷ್ಟು ವರ್ಷ ಬೀಳುಬಿಟ್ಟರೆ ಸವರಿದ ಮರ ಮತ್ತೆ ಕೊಂಬೆ ಕಟ್ಟುತ್ತದೆ. ಜನ ಹೆಚ್ಚಿದಂತೆ ಆ ಬಿಡುವು ಕಿರಿದಾಯಿತು.

ಈಗ ರಾಜಧಾನಿ ಲುಸಾಕಾದ ಒಲೆಗಳಿಗೆ ಇದ್ದಿಲು ಮೂಟೆ ಮೂಟೆಯಾಗಿ ಹೋಗುತ್ತಿದೆ. ಅದಕ್ಕಾಗಿ ಇಡೀ ಮರವೇ ಉರುಳುತ್ತದೆ. ಆದರೂ ಉಳಿದ ಮೋಟಿನಿಂದ ಚಿಗುರು ಬರುತ್ತದೆ. ಬೆಂಕಿಯಿಂದ ಕಾಪಾಡಿದರೆ ಕಾಡು ಮರಳುತ್ತದೆ. ನನ್ನ ಮಟ್ಟಿಗೆ ಇದ್ದಿಲಿಗಿಂತ ದೊಡ್ಡ ಭಯ ನೇಗಿಲಿನದು. ಸಸಿಯ ತಲೆ ವರ್ಷವರ್ಷವೂ ಬೇಸಿಗೆಗೆ ಒಣಗಿ ಬೀಳುತ್ತಿದ್ದರೂ ಕೆಳಗೆ ಬೇರು ದಪ್ಪಗಾಗುತ್ತಲೇ ಇರುತ್ತದೆ. ಬೋಳಾಗಿ ಕಾಣುವ ನೆಲದೊಳಗೂ ಇಂಥ ಬೇರುಗಳಿರುತ್ತವೆ. ಟ್ರ್ಯಾಕ್ಟರ್ ಅವನ್ನು ಕಿತ್ತರೆ ಬೀಜದಿಂದಲೇ ಶುರುವಾಗಬೇಕು. ಕಾಯಿ ಪಟ್ಟನೆ ಸಿಡಿದರೂ ಬೀಜ ತಾಯಿಮರದಿಂದ ಹೆಚ್ಚು ದೂರ ಹೋಗುವುದಿಲ್ಲ.